ನಯದ ಮಾತಿಗೂ ವಯಸ್ಸಾಗುತ್ತದೆ

ತರಗತಿಯಲ್ಲಿ ಪಾಠ ನಡೆಯುತ್ತಿರುವಾಗ ಹಿಂದಿನ ಬೆಂಚಿನಿಂದ ಒಂದು ಪುಟ್ಟ ಕೈ ಮೇಲೇಳುತ್ತದೆ. ಕಿರುಬೆರಳೊಂದೇ ನೆಟ್ಟಗೆ ನಿಂತಿದ್ದರೆ ಒಂದಕ್ಕೆ, ಎರಡು ಬೆರಳಾದರೆ ಎರಡಕ್ಕೆ. ಮೇಷ್ಟ್ರು ತಲೆಯಾಡಿಸುತ್ತಾರೆ, ಹುಡುಗ ಓಡುತ್ತಾನೆ. ಹೇಳಬೇಕಾದದ್ದನ್ನು ಹೇಳಿಯಾಯಿತು, ಆದರೆ ಯಾರ ಬಾಯಿಂದಲೂ ಒಂದು ಮಾತು ಹೊರಬರಲಿಲ್ಲ.

ಈ ಲೆಕ್ಕ ನಮ್ಮ ಶಾಲೆಗಳದ್ದಷ್ಟೇ ಅಲ್ಲ. ಇಂಗ್ಲಿಷ್ ಮಾತನಾಡುವ ಮಕ್ಕಳಿಗೂ ‘ನಂಬರ್ ಒನ್’, ‘ನಂಬರ್ ಟೂ’ ಇವೆ. ಚೀನಾದ ಮಕ್ಕಳು ‘ಶ್ಯಾವ್ ಹಾವ್’, ‘ದಾ ಹಾವ್’ ಎನ್ನುತ್ತಾರೆ. ಅಂದರೆ ಸಣ್ಣ ನಂಬರು, ದೊಡ್ಡ ನಂಬರು. ಒಬ್ಬರನ್ನೊಬ್ಬರು ಕಂಡೇ ಇರದ ಮೂರು ನಾಡಿನ ಮಕ್ಕಳು ಒಂದೇ ಮುಜುಗರವನ್ನು ಒಂದೇ ಉಪಾಯದಿಂದ ದಾಟುತ್ತಾರೆ!

ಮುಜುಗರವಾಗುವುದನ್ನು, ಭಯ ಹುಟ್ಟಿಸುವುದನ್ನು, ಇನ್ನೊಬ್ಬರ ಮನಸ್ಸಿಗೆ ಚುಚ್ಚುವುದನ್ನು ನೇರವಾಗಿ ಹೇಳದೆ ಸುತ್ತಿಬಳಸಿ ಹೇಳುವ ಪದಕ್ಕೆ ಇಂಗ್ಲಿಷಿನಲ್ಲಿ ‘ಯೂಫಮಿಸಂ’ ಎನ್ನುತ್ತಾರೆ. ಅದು ಗ್ರೀಕ್ ಮೂಲದ ಶಬ್ದ, ಅರ್ಥ ‘ಶುಭ ನುಡಿಯುವುದು’. ಕನ್ನಡದ ವಿದ್ವಾಂಸರು ಸೌಮ್ಯೋಕ್ತಿ ಎಂದಾರು. ನಾನಿಲ್ಲಿ ಸರಳವಾಗಿ ‘ನಯದ ಮಾತು’ ಎನ್ನುತ್ತೇನೆ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದವಳು ನಾನು. ಹಾಗಾಗಿ ಆ ಭಾಷೆಯ ಪದಗಳ ಹುಟ್ಟು, ಬೆಳವಣಿಗೆ ನೋಡುವ ಚಟ ಹಿಡಿದಿತ್ತು. ನಿವೃತ್ತಿಯ ಹೊತ್ತಿಗೆ ಮಗಳು ತನ್ನ ಕಂಪನಿಯ ಕೆಲಸಕ್ಕಾಗಿ ಚೀನೀ ಭಾಷೆ ಕಲಿಯತೊಡಗಿದಳು. ಊಟದ ಮೇಜಿನ ಮೇಲೆ ಅವಳ ಪುಸ್ತಕ ಹರಡಿದಾಗೆಲ್ಲ ನಾನೂ ಇಣುಕುತ್ತಿದ್ದೆ. ಹಾಗೆ ಇಣುಕುತ್ತಾ ಇಣುಕುತ್ತಾ ಒಂದು ವಿಷಯ ಹೊಳೆಯಿತು. ಈ ಎರಡು ಭಾಷೆಗಳಿಗೆ ಯಾವ ನೆಂಟಸ್ತಿಕೆಯೂ ಇಲ್ಲ. ಆದರೂ ಎರಡರಲ್ಲೂ ನಯದ ಮಾತುಗಳು ಒಂದೇ ದಾರಿಯಲ್ಲಿ ನಡೆಯುತ್ತವೆ. ಹುಟ್ಟುವಾಗ ಹೂವಿನಂತಿರುತ್ತವೆ, ಕೆಲವು ದಶಕ ಬಾಳುತ್ತವೆ, ಆಮೇಲೆ ತಾವೇ ಬೈಗುಳವಾಗಿಯೋ ಒರಟು ಮಾತಾಗಿಯೋ ಬಿದ್ದುಹೋಗುತ್ತವೆ. ಆ ಜಾಗಕ್ಕೆ ಮತ್ತೊಂದು ಹೂವು ಬರುತ್ತದೆ.

ಬಟ್ಟೆಯ ತುಂಡಿನಿಂದ ಟಾಯ್ಲೆಟ್‌ವರೆಗೆ

ಇದಕ್ಕೆ ಅತ್ಯುತ್ತಮ ಉದಾಹರಣೆ ಮನೆಯ ಅತಿ ಚಿಕ್ಕ ಕೋಣೆ.

‘ಟಾಯ್ಲೆಟ್’ ಎಂದರೆ ಮೊದಲಿಗೆ ಏನು ಗೊತ್ತೇ? ಒಂದು ತುಂಡು ಬಟ್ಟೆ. ಫ್ರೆಂಚಿನಲ್ಲಿ ‘ತ್ವಾಲ್’ ಎಂದರೆ ಬಟ್ಟೆ, ‘ತ್ವಾಲೆತ್’ ಎಂದರೆ ಚಿಕ್ಕ ಬಟ್ಟೆ. ಶ್ರೀಮಂತರು ಅಲಂಕಾರದ ಮೇಜಿನ ಮೇಲೆ ಹಾಸುತ್ತಿದ್ದ ಬಟ್ಟೆಗೆ ಆ ಹೆಸರು ಬಂತು. ಆಮೇಲೆ ಮೇಜಿಗೇ ಆ ಹೆಸರಾಯಿತು. ಅಲ್ಲಿಂದ ಅಲಂಕಾರ ಮಾಡಿಕೊಳ್ಳುವ ಕ್ರಿಯೆಗೆ, ಅಲ್ಲಿಂದ ಅಲಂಕಾರದ ಕೋಣೆಗೆ ಹೆಸರು ಜಾರಿತು. ಆ ಕೋಣೆಯ ಪಕ್ಕದಲ್ಲೇ ಇನ್ನೊಂದು ಅಗತ್ಯದ ಏರ್ಪಾಡೂ ಇರುತ್ತಿತ್ತಲ್ಲ, ಕೊನೆಗೆ ಹೆಸರು ಅದಕ್ಕೆ ಅಂಟಿಕೊಂಡಿತು. ಹಾಗೆ ಅಂಟಿದಾಗ ಅದು ಬಹಳ ನಾಜೂಕಾದ ಮಾತು. ಇಂದು ಅಮೆರಿಕದಲ್ಲಿ ಅತಿಥಿಯೊಬ್ಬರು ‘ಟಾಯ್ಲೆಟ್ ಎಲ್ಲಿದೆ?’ ಎಂದರೆ ತುಸು ಒರಟಾಗಿ ಕೇಳಿಸುತ್ತದೆ. ಅಲ್ಲಿ ‘ಬಾತ್‌ರೂಮ್’ ಎನ್ನಬೇಕು, ಸ್ನಾನಕ್ಕೆ ಒಂದು ನಲ್ಲಿಯೂ ಇಲ್ಲದಿದ್ದರೂ. ಹೋಟೆಲಿನಲ್ಲಾದರೆ ‘ರೆಸ್ಟ್‌ರೂಮ್’, ಅಲ್ಲಿ ಯಾರೂ ವಿಶ್ರಾಂತಿ ಪಡೆಯದಿದ್ದರೂ. ಇದಕ್ಕೂ ಹಿಂದಿನ ‘ಲ್ಯಾವೆಟರಿ’ ಲ್ಯಾಟಿನ್ ಮೂಲದ್ದು, ಅದರ ಅರ್ಥ ತೊಳೆದುಕೊಳ್ಳುವ ಜಾಗ. ‘ಪ್ರಿವಿ’ ಎಂದರೆ ಖಾಸಗಿ ಜಾಗ. ಒಂದೊಂದೂ ಒಂದು ಕಾಲದಲ್ಲಿ ಶುಭ್ರವಾದ ಪರದೆ.

ಈಗ ಚೀನಾಕ್ಕೆ ಬನ್ನಿ. ಎರಡು ಸಾವಿರ ವರ್ಷಗಳ ಹಿಂದೆ ಹಾನ್ ರಾಜವಂಶದ ಕಾಲದಲ್ಲಿ ಗಣ್ಯರು ಸಭೆಯಿಂದ ಎದ್ದು ಹೋಗುವಾಗ ‘ಗಂಗ್‌ಯೀ’ ಎನ್ನುತ್ತಿದ್ದರು. ಹಾಗೆಂದರೆ ‘ಬಟ್ಟೆ ಬದಲಿಸುತ್ತೇನೆ’. ಇದು ಬರಿಯ ನೆಪವೂ ಆಗಿರಲಿಲ್ಲ. ಮುಂದೆ ಮೂರನೆಯ ಶತಮಾನದಲ್ಲಿದ್ದ ಷಿ ಛೊಂಗ್ ಎಂಬ ಮಹಾ ಶ್ರೀಮಂತನ ಕತೆ ಪ್ರಸಿದ್ಧ. ಅವನ ಮನೆಯ ಪಾಯಖಾನೆಯಲ್ಲಿ ಸುಗಂಧ ಹಿಡಿದ ದಾಸಿಯರು ಸಾಲಾಗಿ ನಿಂತಿರುತ್ತಿದ್ದರಂತೆ. ಹೋದವರಿಗೆ ಹೊಸ ಬಟ್ಟೆ ತೊಡಿಸಿಯೇ ಹೊರಗೆ ಕಳಿಸುತ್ತಿದ್ದರಂತೆ. ಪಾಪ, ನಾಚಿಕೆ ಸ್ವಭಾವದ ಅತಿಥಿಗಳು ಒಳಗೆ ಹೋಗಲಾರದೆ ತಡೆದುಕೊಂಡೇ ಕೂರುತ್ತಿದ್ದರಂತೆ!

ಚೀನೀ ಭಾಷೆಯಲ್ಲಿ ‘ಫಾಂಗ್‌ಬ್ಯೆನ್’ ಎಂದರೆ ಅನುಕೂಲ. ಅದೇ ಮಾತಿಗೆ ‘ಶೌಚಕ್ಕೆ ಹೋಗಿಬರುವುದು’ ಎಂಬ ಅರ್ಥವೂ ಇದೆ. ಸಣ್ಣ ಅನುಕೂಲ, ದೊಡ್ಡ ಅನುಕೂಲ ಎಂಬ ಅರ್ಥದ ‘ಶ್ಯಾವ್‌ಬ್ಯೆನ್’, ‘ದಾಬ್ಯೆನ್’ ಇಂದು ಎಷ್ಟು ನೇರ ಮಾತುಗಳಾಗಿವೆಯೆಂದರೆ ಆಸ್ಪತ್ರೆಯ ತಪಾಸಣೆ ಚೀಟಿಯಲ್ಲಿ ಅವೇ ಇರುತ್ತವೆ. ‘ಅನುಕೂಲ’ದ ಮೇಲಿನ ನಯ ಪೂರಾ ಸವೆದುಹೋಯಿತು. ತಮಾಷೆಯೆಂದರೆ ಇಂಗ್ಲೆಂಡಿನಲ್ಲೂ ಸಾರ್ವಜನಿಕ ಶೌಚಾಲಯಕ್ಕೆ ‘ಪಬ್ಲಿಕ್ ಕನ್ವೀನಿಯನ್ಸ್’ ಎಂದೇ ಬೋರ್ಡು ಹಾಕುತ್ತಿದ್ದರು. ಅದೂ ‘ಅನುಕೂಲ’ವೇ!

ಇಂದಿನ ಚೀನಾದ ಹೋಟೆಲಿನಲ್ಲಿ ಹಳೆಯ ‘ತ್ಸೆಸ್ವೊ’ ಎಂಬ ಪದಕ್ಕಿಂತ ‘ಶೀಶೋಜ್ಯೆನ್’ ಎಂದರೆ ಮರ್ಯಾದೆ. ಅಂದರೆ ಕೈ ತೊಳೆಯುವ ಕೋಣೆ. ‘ವೇಯ್‌ಶಂಗ್‌ಜ್ಯೆನ್’ ಎಂದರೆ ನೈರ್ಮಲ್ಯದ ಕೋಣೆ. ತೈವಾನಿನ ಅಂಗಡಿ ಮಳಿಗೆಗಳಲ್ಲಿ ‘ಪ್ರಸಾಧನ ಕೋಣೆ’ ಎಂದು ಬರೆದಿರುತ್ತದೆ. ಅಲಂಕಾರದ ಮೇಜಿನಿಂದ ಹೊರಟ ಇಂಗ್ಲಿಷ್ ಟಾಯ್ಲೆಟ್ಟಿಗೆ ಇದು ಖಾಸಾ ತಂಗಿಯಲ್ಲವೇ?

ನಮ್ಮಲ್ಲೂ ಅಷ್ಟೇ. ಹೊರಕಡೆ, ಬಹಿರ್ದೆಸೆ, ಕೆರೆಕಡೆ, ಪಾಯಖಾನೆ, ಕಕ್ಕಸು, ಶೌಚಾಲಯ, ಟಾಯ್ಲೆಟ್, ವಾಷ್‌ರೂಮ್... ಅಜ್ಜಿಯಿಂದ ಮೊಮ್ಮಗಳವರೆಗೆ ಒಂದೇ ಮನೆಯಲ್ಲಿ ಎಷ್ಟು ಪದ ಬದಲಾಗಿವೆ ಎಂದು ಎಣಿಸಿ ನೋಡಿ.

ಪರದೆ ಮಾಸುವುದೇಕೆ?

ಹೀಗೆ ಪದಗಳು ಒಂದರ ಹಿಂದೊಂದು ಬರುವುದಕ್ಕೆ ಸ್ಟೀವನ್ ಪಿಂಕರ್ ಎಂಬ ಮನೋವಿಜ್ಞಾನಿ 1994ರಲ್ಲಿ ಒಂದು ಹೆಸರು ಕೊಟ್ಟರು: ‘ಯೂಫಮಿಸಂ ಟ್ರೆಡ್‌ಮಿಲ್’. ಜಿಮ್‌ನಲ್ಲಿ ಜನ ಓಡುವ ಯಂತ್ರ ನೋಡಿದ್ದೀರಲ್ಲ? ಎಷ್ಟು ಓಡಿದರೂ ಇದ್ದಲ್ಲೇ ಇರುತ್ತೇವೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಗಾಣದ ಎತ್ತಿನ ನಡಿಗೆ.

ಕಾರಣ ಸರಳ. ಪದ ಎನ್ನುವುದು ವಸ್ತುವಿನ ಮೇಲೆ ಹೊದಿಸಿದ ಬಟ್ಟೆ. ವಸ್ತುವಿನ ಬಗ್ಗೆ ನಮ್ಮ ಮನಸ್ಸಿನಲ್ಲಿ ಅಸಹ್ಯವಿದ್ದರೆ ಆ ಅಸಹ್ಯ ನಿಧಾನವಾಗಿ ಬಟ್ಟೆಗೂ ಇಳಿಯುತ್ತದೆ. ಆಗ ಬಟ್ಟೆ ಬದಲಿಸುತ್ತೇವೆ. ವಸ್ತು ಅದೇ, ಮನಸ್ಸೂ ಅದೇ. ಹಾಗಾಗಿ ಹೊಸ ಬಟ್ಟೆಗೂ ಕಲೆ ತಪ್ಪದು.

ಇದು ನಿಜವೇ ಎಂದು ಪರೀಕ್ಷಿಸಲು ಒಂದು ದಾರಿಯಿದೆ. ಅಸಹ್ಯವೇ ಇಲ್ಲದ ವಸ್ತುವಿಗೆ ಇಟ್ಟ ನಯದ ಮಾತು ಏನಾಯಿತು ಎಂದು ನೋಡಬೇಕು. ಅದಕ್ಕೆ ಚೀನಾದ ಊಟದ ಕಡ್ಡಿಗಳಿಗಿಂತ ಒಳ್ಳೆಯ ಸಾಕ್ಷಿ ಇಲ್ಲ.

ಆ ಕಡ್ಡಿಗಳಿಗೆ ಹಳೆಯ ಚೀನೀ ಹೆಸರು ‘ಜು’. ಜಪಾನೀಯರು ಈಗಲೂ ಅದೇ ಅಕ್ಷರ ಬರೆಯುತ್ತಾರೆ. ಆದರೆ ಚೀನೀ ಭಾಷೆಯಲ್ಲಿ ‘ಜು’ ಎಂಬ ಇನ್ನೊಂದು ಪದಕ್ಕೆ ‘ನಿಲ್ಲು’ ಎಂದರ್ಥ. ದೋಣಿ ನಡೆಸಿ ಬದುಕುವವರಿಗೆ ಊಟಕ್ಕೆ ಕೂತಾಗಲೆಲ್ಲ ‘ನಿಲ್ಲು, ನಿಲ್ಲು’ ಎಂದರೆ ಹೇಗೆ? ಅಪಶಕುನ! ಪೂರ್ವ ಚೀನಾದ ಅಂಬಿಗರು ಅದನ್ನು ತಿರುಗಿಸಿ ‘ಕ್ವಾಯ್’ ಎಂದರು, ಅಂದರೆ ‘ಬೇಗ’. ಮಿಂಗ್ ರಾಜವಂಶದ ಕಾಲದ ಲು ರೊಂಗ್ ಎಂಬ ಲೇಖಕ ಹದಿನೈದನೆಯ ಶತಮಾನದಲ್ಲೇ ಈ ಪದ್ಧತಿಯನ್ನು ಬರೆದಿಟ್ಟಿದ್ದಾನೆ. ಕಡ್ಡಿ ಬಿದಿರಿನದಾದ್ದರಿಂದ ‘ಬೇಗ’ ಎಂಬ ಅಕ್ಷರದ ತಲೆಯ ಮೇಲೆ ಬಿದಿರಿನ ಗುರುತನ್ನೂ ಸೇರಿಸಿದರು. ಇಂದು ಚೀನಾದ ಬಹುಪಾಲು ಜನ ‘ಕ್ವಾಯ್‌ಜು’ ಎಂದೇ ಹೇಳುತ್ತಾರೆ. ನೂರಾರು ವರ್ಷವಾದರೂ ಈ ಪದ ಮಾಸಿಲ್ಲ. ಏಕೆಂದರೆ ಊಟದ ಕಡ್ಡಿಯ ಬಗ್ಗೆ ಯಾರಿಗೂ ಅಸಹ್ಯವಿಲ್ಲ.

ಹಾಂಗ್‌ಕಾಂಗ್ ಕಡೆಯ ಕ್ಯಾಂಟನೀಸ್ ಮಾತಿನಲ್ಲಿ ಇಂಥ ಜಾಣತನ ಇನ್ನೂ ಹೆಚ್ಚು. ನಾಲಿಗೆ ಎಂಬುದರ ಉಚ್ಚಾರ ‘ನಷ್ಟ’ ಎಂದು ಕೇಳಿಸುತ್ತದೆಂದು ವ್ಯಾಪಾರಿಗಳು ಅದನ್ನು ‘ಲಾಭ’ದ ಉಚ್ಚಾರಕ್ಕೆ ಬದಲಿಸಿದರು. ಈಗ ಅಲ್ಲಿ ನಾಲಿಗೆಗೆ ಅದೇ ಪದ. ಬಾಡಿಗೆಗಿರುವ ‘ಖಾಲಿ ಮನೆ’ ಎಂದರೆ ‘ಕೆಟ್ಟ ಮನೆ’ ಎಂದು ಕೇಳಿಸುತ್ತದೆಂದು ಜಾಹೀರಾತಿನಲ್ಲಿ ‘ಶುಭ ಮನೆ’ ಎಂದು ಬರೆಯುತ್ತಾರೆ.

ಇಂಗ್ಲಿಷಿನಲ್ಲೂ ಭಯದಿಂದ ಹುಟ್ಟಿದ ಒಂದು ಪದ ಬಹಳ ಹಿಂದಿನಿಂದ ಅಡಗಿ ಕುಳಿತಿದೆ: ‘ಬೇರ್’, ಕರಡಿ. ಇದರ ಮೂಲ ಅರ್ಥ ‘ಕಂದು ಬಣ್ಣದವನು’ ಎಂಬುದು ಬಹುಪಾಲು ಭಾಷಾವಿಜ್ಞಾನಿಗಳ ಅಭಿಪ್ರಾಯ. ಕರಡಿಗೆ ಇನ್ನೂ ಹಳೆಯ, ನಿಜವಾದ ಹೆಸರೊಂದಿತ್ತು. ಅದು ಸಂಸ್ಕೃತದಲ್ಲಿ ‘ಋಕ್ಷ’ ಎಂದು ಉಳಿದಿದೆ. ನಮ್ಮ ಜಾಂಬವಂತ ಋಕ್ಷರಾಜನಲ್ಲವೇ! ಉತ್ತರ ಯುರೋಪಿನ ದಟ್ಟ ಕಾಡುಗಳಲ್ಲಿ ಆ ಹೆಸರೆತ್ತಿದರೆ ಕರಡಿ ಬಂದೀತೆಂದು ಹೆದರಿ ಜನ ‘ಕಂದಣ್ಣ’ ಎಂದರು. ರಷ್ಯನ್ನರು ‘ಮೆದ್‌ವೇದ್’ ಎಂದರು, ಅಂದರೆ ಜೇನು ತಿನ್ನುವವನು. ಅದರೊಳಗಿನ ‘ಮೆದ್’ ನಮ್ಮ ‘ಮಧು’ವಿನ ಬಳಗದ್ದೇ. ರಾತ್ರಿ ಹೊತ್ತು ಹಾವು ಎನ್ನಬಾರದು, ‘ಹುಳ’ ಎನ್ನಬೇಕು ಎಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದುದೂ ಇದೇ ಜಾತಿಯ ಎಚ್ಚರಿಕೆ. ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಎನ್ನದೆ ‘ಹೋಗಿ ಬರ್ತೀನಿ’ ಎನ್ನುವುದೂ ಇದೇ.

ಸಾವಿಗೂ ಮೆಟ್ಟಿಲುಗಳು

ಎಲ್ಲರೂ ಒಂದೇ ರೀತಿ ಸಾಯುತ್ತಾರೆ. ಆದರೆ ಎಲ್ಲರ ಸಾವಿಗೂ ಒಂದೇ ಪದವಿಲ್ಲ. ಚೀನಾದ ಪ್ರಾಚೀನ ‘ವಿಧಿಗಳ ಗ್ರಂಥ’ದಲ್ಲಿ ಇದಕ್ಕೆ ಐದು ಮೆಟ್ಟಿಲು ಹಾಕಿಟ್ಟಿದ್ದಾರೆ. ಚಕ್ರವರ್ತಿ ಸತ್ತರೆ ‘ಬಂಗ್’, ಅಂದರೆ ಬೆಟ್ಟ ಕುಸಿಯಿತು. ಸಾಮಂತರಾಜನಿಗೆ ಒಂದು ಪದ, ದೊಡ್ಡ ಅಧಿಕಾರಿಗೆ ಇನ್ನೊಂದು. ಸಣ್ಣ ಅಧಿಕಾರಿ ಸತ್ತರೆ ‘ಬು ಲು’, ಅಂದರೆ ‘ಇನ್ನು ಸಂಬಳವಿಲ್ಲ’! ಸಾಮಾನ್ಯ ಜನರಿಗೆ ಮಾತ್ರ ಯಾವ ಹೊದಿಕೆಯೂ ಇಲ್ಲ. ಅವರು ಬರೇ ‘ಸತ್ತರು’. ರಾಜರ ಕಾಲ ಹೋಗಿ ಕಮ್ಯುನಿಸ್ಟರ ಕಾಲ ಬಂದಾಗ ಪಕ್ಷದವರು ತಮ್ಮ ಸಾವಿಗೆ ‘ಮಾರ್ಕ್ಸ್‌ರನ್ನು ನೋಡಲು ಹೋಗುವುದು’ ಎಂಬ ಹೊಸ ಮಾತು ಕಂಡುಕೊಂಡರು. ವೈಕುಂಠವಾಸಿ, ಶಿವೈಕ್ಯ, ಲಿಂಗೈಕ್ಯ ಎನ್ನುವ ನಮಗೆ ಇದರ ಧಾಟಿ ಕೂಡಲೇ ಅರ್ಥವಾಗುತ್ತದೆ.

ಇಂಗ್ಲಿಷಿನಲ್ಲಿ ಪದವಿಗಿಂತ ವ್ಯಾಪಾರದ ಕೈ ಹೆಚ್ಚು. ಶವಪೆಟ್ಟಿಗೆಯ ‘ಕಾಫಿನ್’ ಎಂಬ ಹೆಸರು ಗ್ರೀಕಿನ ‘ಬುಟ್ಟಿ’ಯಿಂದ ಬಂದದ್ದು. ಅದೂ ಭಾರವೆನಿಸಿದಾಗ ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ‘ಕ್ಯಾಸ್ಕೆಟ್’ ಎಂದರು. ಅದು ಒಡವೆ ಇಡುವ ಪೆಟ್ಟಿಗೆಯ ಹೆಸರು. ಅಂತ್ಯಕ್ರಿಯೆ ನಡೆಸುವವನು ಮೊದಲು ‘ಅಂಡರ್‌ಟೇಕರ್’, ಅಂದರೆ ಯಾವುದೋ ಕೆಲಸವನ್ನು ವಹಿಸಿಕೊಂಡವನು, ಅಷ್ಟೇ. ಆ ಪದಕ್ಕೆ ಮಸಣದ ವಾಸನೆ ಹತ್ತಿದ ಮೇಲೆ ‘ಫ್ಯೂನರಲ್ ಡೈರೆಕ್ಟರ್’ ಬಂದ. 1895ರ ಸುಮಾರಿಗೆ ‘ಫಿಸಿಷಿಯನ್’ ಎಂಬಂತೆ ಕೇಳಿಸುವ ‘ಮಾರ್ಟಿಷಿಯನ್’ ಎಂಬ ಪದವನ್ನೇ ಅಮೆರಿಕದವರು ಹೊಸದಾಗಿ ಕಟ್ಟಿದರು.

ಮನುಷ್ಯರಿಗೆ ಅಂಟಿಸಿದ ಚೀಟಿಗಳು

ಇಲ್ಲಿಯವರೆಗಿನದು ನಕ್ಕು ಓದುವ ವಿಷಯ. ಪದದ ಹಿಂದೆ ವಸ್ತುವಿನ ಬದಲು ಮನುಷ್ಯ ನಿಂತಾಗ ಅಷ್ಟು ಸಲೀಸಾಗಿ ನಗಲು ಆಗುವುದಿಲ್ಲ.

ನನಗೊಬ್ಬ ತಮ್ಮನಿದ್ದಾನೆ. ಅವನ ಬುದ್ಧಿ ಬೆಳವಣಿಗೆ ನಿಧಾನ. ನಾವು ಚಿಕ್ಕವರಿದ್ದಾಗ ಬೀದಿಯವರು ಅವನನ್ನು ಪೆದ್ದ ಎನ್ನುತ್ತಿದ್ದರು. ಪಟ್ಟಣದ ಡಾಕ್ಟರು ಬರೆದುಕೊಟ್ಟ ಚೀಟಿಯಲ್ಲಿ ‘ಮೆಂಟಲಿ ರಿಟಾರ್ಡೆಡ್’ ಎಂದಿತ್ತು. ಅಪ್ಪ ಅದನ್ನು ಮಡಿಚಿ ಪೆಟ್ಟಿಗೆಯ ತಳದಲ್ಲಿಟ್ಟರು. ಆಮೇಲೆ ಬಂದ ಕಾಗದಗಳಲ್ಲಿ ‘ಮಂದಬುದ್ಧಿ’, ‘ಬುದ್ಧಿಮಾಂದ್ಯ’, ‘ವಿಶೇಷ ಚೇತನ’ ಎಂದೆಲ್ಲ ಬದಲಾಯಿತು. ಈಗಿನ ಪ್ರಮಾಣಪತ್ರದಲ್ಲಿ ‘ಇಂಟಲೆಕ್ಚುವಲ್ ಡಿಸೆಬಿಲಿಟಿ’ ಎಂದಿದೆ. ಒಬ್ಬನೇ ಹುಡುಗ, ಒಂದೇ ನಗು, ಐದಾರು ಹೆಸರು.

ಅವನ ಚೀಟಿಗಳ ಈ ಸಾಲು ಇಡೀ ಇಂಗ್ಲಿಷ್ ಜಗತ್ತಿನ ಕತೆಯೂ ಹೌದು. ಇಂದು ಬೈಗುಳವಾಗಿರುವ ‘ಈಡಿಯಟ್’, ‘ಇಂಬೆಸೈಲ್’ ನೂರು ವರ್ಷದ ಹಿಂದೆ ವೈದ್ಯರ ಪುಸ್ತಕದ ಪಾರಿಭಾಷಿಕ ಪದಗಳು. 1910ರಲ್ಲಿ ಹೆನ್ರಿ ಗೊಡಾರ್ಡ್ ಎಂಬ ಅಮೆರಿಕದ ಮನೋವಿಜ್ಞಾನಿ ಗ್ರೀಕಿನಿಂದ ‘ಮೋರಾನ್’ ಎಂಬ ಪದವನ್ನು ತಂದರು. ಅದು ಎಂಟರಿಂದ ಹನ್ನೆರಡು ವರ್ಷದ ಮಗುವಿನಷ್ಟು ಬುದ್ಧಿಮಟ್ಟದ ವಯಸ್ಕರಿಗೆ ಇಟ್ಟ ಹೆಸರು. ಅದು ಎಷ್ಟು ಬೇಗ ಬೀದಿಗೆ ಬಿತ್ತೆಂಬುದು ಎಲ್ಲರಿಗೂ ಗೊತ್ತು. ಆಗ ಇವುಗಳ ಬದಲಿಗೆ ‘ರಿಟಾರ್ಡೆಡ್’ ಬಂತು. ಲ್ಯಾಟಿನ್ ಮೂಲದ ಆ ಪದಕ್ಕೆ ಬರೇ ‘ನಿಧಾನವಾದ’ ಎಂದರ್ಥ. ದಯೆಯಿಂದ ಆರಿಸಿದ ಪದ ಅದು. ಕೆಲವೇ ದಶಕಗಳಲ್ಲಿ ಅಮೆರಿಕದ ಶಾಲೆಯ ಮೈದಾನದಲ್ಲಿ ಅದಕ್ಕಿಂತ ಕ್ರೂರ ಬೈಗುಳ ಇಲ್ಲವೆಂಬಂತಾಯಿತು.

ಅಮೆರಿಕದಲ್ಲಿ ಇಂಥವರಿಗಾಗಿ ದುಡಿಯುವ ಒಂದು ಸಂಘ 1876ರಲ್ಲಿ ಹುಟ್ಟಿತು. ಅದರ ಮೊದಲ ಹೆಸರಿನಲ್ಲೇ ‘ಈಡಿಯಟಿಕ್’ ಎಂಬ ಪದವಿತ್ತು. 1906ರಲ್ಲಿ ಅದು ‘ಫೀಬಲ್‌ಮೈಂಡೆಡ್’ ಆಯಿತು, 1933ರಲ್ಲಿ ‘ಮೆಂಟಲ್ ಡೆಫಿಷಿಯನ್ಸಿ’, 1987ರಲ್ಲಿ ‘ಮೆಂಟಲ್ ರಿಟಾರ್ಡೇಷನ್’, 2007ರಲ್ಲಿ ‘ಇಂಟಲೆಕ್ಚುವಲ್ ಅಂಡ್ ಡೆವಲಪ್‌ಮೆಂಟಲ್ ಡಿಸೆಬಿಲಿಟೀಸ್’. ಒಂದೇ ಬಾಗಿಲಿಗೆ ಐದು ಬೋರ್ಡು! 2010ರಲ್ಲಿ ಅಮೆರಿಕದ ಕಾನೂನು ಪುಸ್ತಕಗಳಿಂದಲೂ ‘ರಿಟಾರ್ಡೇಷನ್’ ಪದವನ್ನು ತೆಗೆದರು. ಆ ಕಾಯ್ದೆಗೆ ರೋಸಾ ಎಂಬ ಪುಟ್ಟ ಹುಡುಗಿಯ ಹೆಸರಿದೆ. ಡೌನ್ ಸಿಂಡ್ರೋಮ್ ಇದ್ದ ಆ ಮಗುವಿಗೆ ಶಾಲೆಯ ದಾಖಲೆಯಲ್ಲಿ ಆ ಪದ ಅಂಟಿಸಿದ್ದನ್ನು ಮನೆಯವರು ಒಪ್ಪಲಿಲ್ಲ. ಅಲ್ಲಿಂದ ಶುರುವಾದದ್ದು ರಾಷ್ಟ್ರಪತಿಯ ಸಹಿಯವರೆಗೆ ಹೋಯಿತು.

ಬ್ರಿಟನ್ನಿನಲ್ಲಿ 1952ರಲ್ಲಿ ಶುರುವಾದ ‘ಸ್ಪಾಸ್ಟಿಕ್ಸ್ ಸೊಸೈಟಿ’ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗಾಗಿ ದೊಡ್ಡ ಕೆಲಸ ಮಾಡಿತು. ಆದರೆ ಮಕ್ಕಳು ಮೈದಾನದಲ್ಲಿ ‘ಸ್ಪಾಸ್ಟಿಕ್’ ಎಂದು ಒಬ್ಬರನ್ನೊಬ್ಬರು ಹೀಯಾಳಿಸತೊಡಗಿದರು. 1994ರಲ್ಲಿ ಸಂಸ್ಥೆ ‘ಸ್ಕೋಪ್’ ಎಂಬ ಹೆಸರಿಟ್ಟುಕೊಂಡಿತು. ಕೆಲವು ಮಕ್ಕಳು ಆಗ ‘ಸ್ಕೋಪರ್’ ಎಂದು ಚುಡಾಯಿಸಿದರಂತೆ!

ಚೀನೀ ಭಾಷೆಯ ದಾರಿಯೂ ಇದೇ. ಅಂಗವೈಕಲ್ಯಕ್ಕೆ ಅಲ್ಲಿ ಬಹುಕಾಲ ‘ತ್ಸಾನ್‌ಫೇಯ್’ ಎಂಬ ಪದವಿತ್ತು. ‘ತ್ಸಾನ್’ ಎಂದರೆ ಊನ, ‘ಫೇಯ್’ ಎಂದರೆ ನಿರುಪಯೋಗಿ, ಕಸ. ಡೆಂಗ್ ಷಿಯಾವೊಪಿಂಗ್ ಅವರ ಮಗ ಡೆಂಗ್ ಪುಫಾಂಗ್ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಕಟ್ಟಡದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದರು. ಅವರ ಮುಂದಾಳುತನದಲ್ಲಿ 1988ರಲ್ಲಿ ರಾಷ್ಟ್ರೀಯ ಒಕ್ಕೂಟ ಹುಟ್ಟಿದಾಗ ಅದರ ಹೆಸರಿನಲ್ಲಿ ‘ಫೇಯ್’ ಇರಲಿಲ್ಲ. ಬದಲಿಗೆ ‘ತ್ಸಾನ್‌ಜೀ’ ಎಂದಿತ್ತು. ‘ಜೀ’ ಎಂದರೆ ಕಾಯಿಲೆ. 1990ರ ಕಾನೂನಿನಲ್ಲೂ ಅದೇ ಪದ ಬಂತು. ಕಸದಿಂದ ಕಾಯಿಲೆಗೆ ಒಂದು ಮೆಟ್ಟಿಲು. ತೈವಾನ್ 1997ರಲ್ಲಿ ಇನ್ನೂ ಒಂದು ಮೆಟ್ಟಿಲು ಏರಿ, ‘ದೇಹ ಮನಸ್ಸುಗಳಿಗೆ ಅಡೆತಡೆ ಇರುವವರು’ ಎಂಬ ಪದವನ್ನು ಕಾನೂನಿಗೆ ತಂದಿತು. ಇಲ್ಲಿ ದೋಷ ಮನುಷ್ಯನದ್ದಲ್ಲ, ಎದುರಿಗಿರುವ ತಡೆಯದ್ದು.

ಆದರೆ ಗಾಣ ಅಲ್ಲೂ ತಿರುಗುತ್ತಲೇ ಇದೆ. ನನ್ನ ತಮ್ಮನಂಥವರಿಗೆ ಚೀನಾದಲ್ಲಿ ‘ರುವೋಜಿ’ ಎಂಬ ಪದ ಬಳಕೆಯಲ್ಲಿತ್ತು, ದುರ್ಬಲ ಬುದ್ಧಿಯವರು ಎಂಬರ್ಥದಲ್ಲಿ. ಅದು ಬೈಗುಳವಾಯಿತು. ‘ಜಿಜಾಂಗ್’ ಬಂತು, ಅಂದರೆ ಬುದ್ಧಿಗೆ ಅಡೆತಡೆ ಇರುವವರು. ಇಂದು ಇಂಟರ್‌ನೆಟ್ಟಿನಲ್ಲಿ ಚೀನೀ ಹುಡುಗರು ಜಗಳವಾಡುವಾಗ ಒಬ್ಬರ ಮೇಲೊಬ್ಬರು ಎಸೆಯುವುದು ಅದನ್ನೇ. ಇದೇ ನಾಡಿನಲ್ಲಿ ಆಟಿಸಂ ಇರುವ ಮಕ್ಕಳನ್ನು ‘ನಕ್ಷತ್ರಗಳ ಮಕ್ಕಳು’ ಎಂದು ಕರೆಯುವುದೂ ಇದೆ. ಚೆಂದದ ಹೆಸರು. ಅದು ಎಷ್ಟು ದಿನ ಹೊಳೆಯುತ್ತದೆ ಎಂಬುದು ಸುತ್ತಲಿನವರ ಕೈಯಲ್ಲಿದೆ.

ನಮ್ಮಲ್ಲಿಯೂ ಕುಂಟ, ಕುರುಡ ಎಂಬ ಮಾತು ಹೋಗಿ ಅಂಗವಿಕಲ ಬಂತು, ವಿಕಲಚೇತನ ಬಂತು, ವಿಶೇಷಚೇತನ ಬಂತು. 2015ರ ಡಿಸೆಂಬರಿನಲ್ಲಿ ಪ್ರಧಾನಿಯವರು ರೇಡಿಯೊ ಭಾಷಣದಲ್ಲಿ ಸೂಚಿಸಿದ ಮೇಲೆ ‘ದಿವ್ಯಾಂಗ’ ಬಂತು. ಅದನ್ನು ಮೆಚ್ಚಿದವರೂ ಇದ್ದಾರೆ, ‘ನಮಗೆ ದಿವ್ಯತೆ ಬೇಡ, ಇಳಿಜಾರು ದಾರಿ ಕೊಡಿ’ ಎಂಬ ಧಾಟಿಯಲ್ಲಿ ಆಕ್ಷೇಪಿಸಿದವರೂ ಇದ್ದಾರೆ.

ನಾನು ಪಾಠ ಮಾಡುತ್ತಿದ್ದ ಒಂದು ಶಾಲೆಯಲ್ಲಿ ವಿಶೇಷ ಮಕ್ಕಳಿಗೆಂದು ಒಂದು ಕೋಣೆ ತೆರೆದರು. ಬಾಗಿಲಿಗೆ ಬಣ್ಣದ ಕಾಗದ ಅಂಟಿಸಿ ‘ಸ್ಪೆಷಲ್ ರೂಮ್’ ಎಂದು ಬರೆದರು. ಒಂದು ತಿಂಗಳೂ ಆಗಿರಲಿಲ್ಲ. ಕ್ಯಾಚ್ ಬಿಟ್ಟ ಹುಡುಗನಿಗೆ ಜೊತೆಗಾರ ಕೂಗಿದ, ‘ಏ ಸ್ಪೆಷಲ್, ಸರಿಯಾಗಿ ಹಿಡಿಯೋ!’ ಸ್ಟಾಫ್‌ರೂಮಿನ ಕಿಟಕಿಯಿಂದ ಅದು ನನ್ನ ಕಿವಿಗೆ ಬಿತ್ತು. ಪಿಂಕರ್ ಹೇಳಿದ ಟ್ರೆಡ್‌ಮಿಲ್ಲಿನ ಸದ್ದನ್ನು ನಾನು ಕಣ್ಣೆದುರೇ ಕೇಳಿದ್ದು ಅಂದು.

ಹಾಗಾದರೆ ಪದ ಬದಲಿಸುವುದು ವ್ಯರ್ಥವೇ? ನನಗೆ ಹಾಗನಿಸುವುದಿಲ್ಲ. ‘ಕಸ’ ಎಂದು ಕರೆಸಿಕೊಳ್ಳುವುದಕ್ಕೂ ‘ಅಡೆತಡೆ ಇರುವವರು’ ಎನಿಸಿಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಮಾಸಿದ ಬಟ್ಟೆಯನ್ನು ಬದಲಿಸಲೇಬೇಕು. ಆದರೆ ಬಟ್ಟೆ ಬದಲಿಸಿದ್ದೇ ಸ್ನಾನವಾಯಿತು ಎಂದುಕೊಳ್ಳಬಾರದು. ನಮ್ಮ ಬೀದಿಯ ಕಿರಾಣಿ ಅಂಗಡಿಯವರು ಈ ಯಾವ ಹೆಸರನ್ನೂ ಕಲಿತವರಲ್ಲ. ನನ್ನ ತಮ್ಮನನ್ನು ಅವನ ಹೆಸರಿಡಿದು ಕರೆಯುತ್ತಾರೆ, ‘ಬಾರಪ್ಪ, ಕೂತ್ಕೋ’ ಎನ್ನುತ್ತಾರೆ, ಸಂಜೆ ಹೊತ್ತು ಖಾಲಿ ಗೋಣಿಚೀಲ ಮಡಿಚಿಡುವ ಕೆಲಸ ಕೊಟ್ಟು ಕೂಲಿಯನ್ನೂ ಕೊಡುತ್ತಾರೆ. ಅಲ್ಲಿ ಅವನಿಗೆ ನಯದ ಮಾತಿನ ಅಗತ್ಯವೇ ಬಿದ್ದಿಲ್ಲ.

ಮರೆಮಾಚುವ ನಯ

ನಯದ ಮಾತಿಗೆ ಇನ್ನೊಂದು ಮುಖವಿದೆ. ಕೇಳುವವರ ನೋವು ಕಡಿಮೆ ಮಾಡಲು ಅಲ್ಲ, ಹೇಳುವವರ ತಪ್ಪು ಮುಚ್ಚಲು ಹುಟ್ಟುವ ಮಾತುಗಳಿವು.

ಕೆಲಸದಿಂದ ತೆಗೆಯುವುದನ್ನೇ ನೋಡಿ. ಇಂಗ್ಲಿಷಿನಲ್ಲಿ ‘ಲೇ ಆಫ್’ ಎಂದರೆ ಮೊದಲಿಗೆ ‘ಸದ್ಯಕ್ಕೆ ಕೆಲಸವಿಲ್ಲ, ಮತ್ತೆ ಕರೆಯುತ್ತೇವೆ’ ಎಂದರ್ಥ. ಈಗ ಯಾರೂ ಮತ್ತೆ ಕರೆಯುವುದಿಲ್ಲ. ‘ಡೌನ್‌ಸೈಸಿಂಗ್’ 1970ರ ದಶಕದಲ್ಲಿ ಕಾರುಗಳನ್ನು ಚಿಕ್ಕದಾಗಿಸುವ ಮಾತಾಗಿತ್ತು, ಮುಂದಿನ ದಶಕದಲ್ಲಿ ಜನರನ್ನು ಕಡಿಮೆ ಮಾಡುವ ಮಾತಾಯಿತು. ಅದು ಕಹಿಯಾದಾಗ ‘ರೈಟ್‌ಸೈಸಿಂಗ್’ ಬಂತು, ಸರಿಯಾದ ಅಳತೆಗೆ ತರುವುದು! ಹಾಗಿದ್ದರೆ ಹೊರಗೆ ಹೋದವನು ಅಳತೆ ತಪ್ಪಿದವನೇ? ಯುದ್ಧದಲ್ಲಿ ಬಾಂಬಿಗೆ ಸಿಕ್ಕ ನಿರಪರಾಧಿ ಜನರನ್ನು ‘ಕೊಲ್ಯಾಟರಲ್ ಡ್ಯಾಮೇಜ್’ ಎನ್ನುವುದೂ ಇದೇ ಸಾಲಿನದು. ಅಲ್ಲಿ ಮನುಷ್ಯರೇ ಮಾಯ.

ಚೀನಾದಲ್ಲಿ ಸಮಾಜವಾದದ ಕಾಲಕ್ಕೆ ‘ನಿರುದ್ಯೋಗ’ ಇರುವಂತೆಯೇ ಇರಲಿಲ್ಲ. ಹಳ್ಳಿಗಳಿಂದ ನಗರಕ್ಕೆ ಮರಳಿದ ಲಕ್ಷಾಂತರ ತರುಣರಿಗೆ ಕೆಲಸ ಸಿಗದಿದ್ದಾಗ ಅವರು ‘ದಾಯ್‌ಯೆ’ ಆದರು, ಅಂದರೆ ‘ಉದ್ಯೋಗದ ನಿರೀಕ್ಷೆಯಲ್ಲಿರುವವರು’. 1990ರ ದಶಕದಲ್ಲಿ ಸರ್ಕಾರಿ ಕಾರ್ಖಾನೆಗಳು ಕೋಟಿಗಟ್ಟಲೆ ಕೆಲಸಗಾರರನ್ನು ಹೊರಗೆ ಕಳಿಸಿದಾಗ ಅದು ‘ಶ್ಯಾಗಾಂಗ್’, ಅಂದರೆ ‘ಕಾವಲು ಜಾಗದಿಂದ ಇಳಿಯುವುದು’. ಸೈನಿಕನೊಬ್ಬ ಪಾಳಿ ಮುಗಿಸಿ ಇಳಿದಂತೆ! ಇಳಿದವರು ಮತ್ತೆ ಏರಲಿಲ್ಲ. 2022ರ ಸುಮಾರಿಗೆ ದೊಡ್ಡ ತಂತ್ರಜ್ಞಾನ ಕಂಪನಿಗಳು ನೌಕರರನ್ನು ಬಿಡುವಾಗ ‘ಪದವಿ ಪೂರೈಸಿದಿರಿ’ ಎಂದವು. ಜೊತೆಗೆ ಅಭಿನಂದನೆ ಬೇರೆ.

ಆದರೆ ಜನ ಸುಮ್ಮನಿರುವುದಿಲ್ಲ. ಚೀನೀ ಭಾಷೆಯಲ್ಲಿ ‘ಬೇಯ್’ ಎಂಬ ಒಂದು ಪುಟ್ಟ ಅಕ್ಷರವಿದೆ. ಕೆಲಸ ಮಾಡಿದ್ದು ನಾನಲ್ಲ, ನನ್ನ ಮೇಲೆ ಮಾಡಲಾಯಿತು ಎಂದು ಅದು ಹೇಳುತ್ತದೆ, ನಮ್ಮ ವ್ಯಾಕರಣದ ‘ಲ್ಪಟ್ಟೆ’ಯಂತೆ. 2009ರಲ್ಲಿ ಕೆಲವು ಕಾಲೇಜುಗಳು ಕೆಲಸ ಸಿಗದ ಪದವೀಧರರನ್ನೂ ಉದ್ಯೋಗ 
ಸಿಕ್ಕವರ ಪಟ್ಟಿಗೆ ಸೇರಿಸಿಬಿಟ್ಟಾಗ ಹುಡುಗರು ‘ನಾನು ಉದ್ಯೋಗಸ್ಥನಾಗಿಸಲ್ಪಟ್ಟೆ’ ಎಂದು ಬರೆದರು. ಆ ನಗೆ ದೇಶವಿಡೀ ಹಬ್ಬಿ, ‘ಬೇಯ್’ ಆ ವರ್ಷದ ಅಕ್ಷರವೆಂದು ಆಯ್ಕೆಯಾಯಿತು. ‘ಪದವಿ ಪೂರೈಸಿದಿರಿ’ ಎಂದವರಿಗೂ ಉತ್ತರ ಸಿದ್ಧವಾಗಿತ್ತು: ‘ಪದವಿ ಪೂರೈಸಲ್ಪಟ್ಟೆ’. ಒಂದೇ ಅಕ್ಷರ ಸೇರಿಸಿ ಪರದೆಯನ್ನು ಸರಕ್ಕನೆ ಸರಿಸಿದರು!

ಯಾರ ಸಮಾಧಾನಕ್ಕೆ?

ಇಷ್ಟು ವರ್ಷ ಈ ಪದಗಳ ಹಿಂದೆ ಅಲೆದು ನಾನು ಒಂದು ಸಣ್ಣ ಪ್ರಶ್ನೆಯನ್ನು ಅಭ್ಯಾಸ ಮಾಡಿಕೊಂಡಿದ್ದೇನೆ. ಯಾವುದೇ ನಯದ ಮಾತು ಕಿವಿಗೆ ಬಿದ್ದಾಗ ಕೇಳಿಕೊಳ್ಳುತ್ತೇನೆ: ಇದು ಯಾರ ಸಮಾಧಾನಕ್ಕೆ?

ಗಂಡನನ್ನು ಕಳೆದುಕೊಂಡ ಪಕ್ಕದ ಮನೆಯಾಕೆಗೆ ‘ಯಜಮಾನರು ಹೋಗಿಬಿಟ್ಟರಂತೆ’ ಎಂದರೆ ಅದು ಆಕೆಯ ಸಮಾಧಾನಕ್ಕೆ. ಆ ನಯ ಬೇಕು. ಸಾವಿರ ಜನರನ್ನು ಮನೆಗೆ ಕಳಿಸಿ ‘ಸರಿಯಾದ ಅಳತೆಗೆ ತಂದೆವು’ ಎಂದರೆ ಅದು ಕಳಿಸಿದವರ ಸಮಾಧಾನಕ್ಕೆ. ಆ ನಯವನ್ನು ಬಿಚ್ಚಿ ನೋಡಬೇಕು. ಮಗುವೊಂದಕ್ಕೆ ಹೊಸ ಹೆಸರು ಕೊಟ್ಟರೆ, ಹೆಸರಿನ ಜೊತೆ ಆಟಕ್ಕೆ ಜಾಗವನ್ನೂ ಕೊಟ್ಟೆವೇ ಎಂದು ನೋಡಬೇಕು.

ಈ ವಾರ ಮನೆಮಂದಿಯೆಲ್ಲ ಊಟಕ್ಕೆ ಕೂತಾಗ ಒಂದು ಆಟ ಆಡಿ. ಅಜ್ಜ ಅಜ್ಜಿ, ಅಪ್ಪ ಅಮ್ಮ, ಮಕ್ಕಳು ಒಬ್ಬೊಬ್ಬರಾಗಿ ಹೇಳಲಿ. ಹಾವಿಗೆ, ಸಾವಿಗೆ, ಬಚ್ಚಲಿಗೆ, ಬಡತನಕ್ಕೆ ನಿಮ್ಮ ಕಾಲದಲ್ಲಿ ಏನೆನ್ನುತ್ತಿದ್ದಿರಿ? ಮಕ್ಕಳು ತಮ್ಮ ತರಗತಿಯಲ್ಲಿ ಯಾರನ್ನು ಏನೆಂದು ಕರೆಯುತ್ತಾರೆ ಎಂಬುದನ್ನೂ ಕೇಳಿ. ಬೈಯಬೇಡಿ, ಮೊದಲು ಕೇಳಿಸಿಕೊಳ್ಳಿ. ನಗು ಬರುವ ಪದಗಳು ಸಿಕ್ಕಾವು. ಒಂದೆರಡು ಪದಕ್ಕೆ ಊಟದ ಮೇಜು ಸುಮ್ಮನಾದೀತು. ಆ ಪದ ಅಂಟಿಸಿಕೊಂಡ ಮಗುವಿನ ನಿಜವಾದ ಹೆಸರೇನೆಂದು ಆಗ ವಿಚಾರಿಸಿ. ನಾಳೆಯಿಂದ ಅದೇ ಹೆಸರಿನಿಂದ ಕರೆಯಲು ಹೇಳಿ. ಎಷ್ಟು ಬಳಸಿದರೂ ಮಾಸದ ಪದ ನನಗೆ ಗೊತ್ತಿರುವ ಮಟ್ಟಿಗೆ ಅದೊಂದೇ.